ಮಂಗಳೂರು–ದುಬೈ–ಫ್ರಾಂಕ್‌ಫರ್ಟ್, ಎರಡು ಬೇರೆ ಟಿಕೆಟ್: ಟಿ2ನಿಂದ ಟಿ3ಗೆ 4 ಗಂಟೆ ಸಾಕಾ?

ಕೊಟ್ಟಾರ_ಚೌಕಿ
ತಂಗಿಯ ಬಾಣಂತನಕ್ಕೆ ಅಪ್ಪ ಅಮ್ಮ ಜನವರಿಯಲ್ಲಿ ಫ್ರಾಂಕ್‌ಫರ್ಟಿಗೆ ಹೋಗುವವರಿದ್ದಾರೆ. ಮಂಗಳೂರಿನಿಂದ ದುಬೈಗೆ ಬಜೆಟ್ ವಿಮಾನ, ಇಳಿಯುವುದು ಟರ್ಮಿನಲ್ 2. ಅಲ್ಲಿಂದ ಮುಂದೆ ಎಮಿರೇಟ್ಸ್, ಹತ್ತುವುದು ಟರ್ಮಿನಲ್ 3. ನಡುವೆ 4 ಗಂಟೆ 20 ನಿಮಿಷ ಉಂಟು. ಎರಡೂ ಬೇರೆ ಬೇರೆ ಟಿಕೆಟ್, ಹೀಗೆ ತೆಗೆದರೆ ಒಳ್ಳೆ ದುಡ್ಡು ಉಳೀತದೆ. ಇನ್ನೂ ಬುಕ್ ಮಾಡಿಲ್ಲ. ಚೆಕ್-ಇನ್ ಬ್ಯಾಗ್ ನಾಲ್ಕು. ಇಬ್ಬರದ್ದೂ ಇಂಗ್ಲಿಷ್ ಅಷ್ಟಕ್ಕಷ್ಟೆ, ಅಮ್ಮನಿಗೆ ಮೊಣಕಾಲು ನೋವು ಬೇರೆ. ಒಳಗಿಂದೊಳಗೇ ಬಸ್ ಉಂಟು ಅಂತ ಹೇಳ್ತಾರೆ. ಯುಎಇ ವೀಸಾ ಇಲ್ಲದೆ ಆಗ್ತದಾ? 4 ಗಂಟೆ ಸಾಕಾ?

ಬಸವನಗುಡಿ_ಬೆಂಚು
ಆರಾಮಾಗಿ ಆಗುತ್ತೆ ಗುರು. ಟ್ರಾನ್ಸಿಟ್‌ಗೆ ವೀಸಾ ಬೇಡ. ಬ್ಯಾಗ್ ಅದರ ಪಾಡಿಗೆ ಅದು ಹೋಗುತ್ತೆ.

ದೇರಾ_ಕ್ರೀಕ್
ಬ್ಯಾಗ್ ತನ್ನ ಪಾಡಿಗೆ ಹೋಗಲ್ಲ. ಈ ಒಂದು ನಂಬಿಕೆಯಿಂದಲೇ ಜನ ಸಿಕ್ಕಿಹಾಕಿಕೊಳ್ಳೋದು.

ಒಂದೇ ಟಿಕೆಟ್ ಆಗಿದ್ದರೆ ಮೊದಲ ಕೌಂಟರಿನಲ್ಲೇ ಫ್ರಾಂಕ್‌ಫರ್ಟ್ ತನಕ ಟ್ಯಾಗ್ ಹಾಕ್ತಾರೆ. ಬೇರೆ ಬೇರೆ ಟಿಕೆಟ್, ಅದರಲ್ಲೂ ಮೊದಲನೆಯದು ಬಜೆಟ್ ವಿಮಾನ ಆದಾಗ, ಆ ಕಂಪನಿಯ ಲೆಕ್ಕದಲ್ಲಿ ನಿಮ್ಮ ಪ್ರಯಾಣ ದುಬೈಗೇ ಮುಗಿಯುತ್ತೆ. ಬ್ಯಾಗ್ ಟಿ2ರ ಬೆಲ್ಟಿಗೆ ಬಂದು ಬೀಳುತ್ತೆ. ಬೆಲ್ಟ್ ಇರೋದು ಇಮಿಗ್ರೇಶನ್ ದಾಟಿದ ಮೇಲೆ. ಇಮಿಗ್ರೇಶನ್ ದಾಟಬೇಕಂದ್ರೆ ಯುಎಇ ವೀಸಾ ಬೇಕು. ವೀಸಾ ಇಲ್ಲ ಅಂದ್ರೆ ನೀವು ಟ್ರಾನ್ಸಿಟ್ ಏರಿಯಾದಲ್ಲಿ, ಬ್ಯಾಗ್ ಗೋಡೆಯ ಆಚೆ. ಅಷ್ಟೂ ದೂರ ಹೋಗೋದು ಬೇಡ, ವೀಸಾ ಇಲ್ಲದೆ ದುಬೈಗೆ ಬ್ಯಾಗ್ ಹಾಕಿ ಅಂದ್ರೆ ಮಂಗಳೂರಿನ ಕೌಂಟರಿನಲ್ಲೇ ಬೋರ್ಡಿಂಗ್ ಪಾಸ್ ಕೊಡದೆ ನಿಲ್ಲಿಸಬಹುದು.

ಒಳಗಿನ ಬಸ್ ಇರೋದು ನಿಜ. ಅದು ಕೈಚೀಲದವರಿಗೆ. ಎರಡನೇ ವಿಮಾನಕ್ಕೆ ಆನ್‌ಲೈನ್ ಚೆಕ್-ಇನ್ ಮಾಡಿಕೊಂಡು, 7 ಕಿಲೋ ಕ್ಯಾಬಿನ್ ಬ್ಯಾಗ್ ಮಾತ್ರ ಇಟ್ಟುಕೊಂಡು ಬರೋರಿಗೆ ಈ ದಾರಿ ಸರಿ. ನಾಲ್ಕು ದೊಡ್ಡ ಬ್ಯಾಗ್ ಇರೋ ಹಿರಿಯರಿಗೆ ಅಲ್ಲ.

ಅಲ್_ಕುಸೈಸ್_ಕನ್ನಡಿಗ
ದೇರಾ ಅವರು ಹೇಳಿದ್ದು ಸರಿ. ಜಾಗದ ಲೆಕ್ಕವನ್ನೂ ಸೇರಿಸ್ತೇನೆ. ಟಿ1 ಮತ್ತು ಟಿ3 ಗರ್ಹೂದ್ ಕಡೆ, ರನ್‌ವೇಯ ದಕ್ಷಿಣಕ್ಕೆ. ಟಿ2 ಕುಸೈಸ್ ಕಡೆ, ಉತ್ತರಕ್ಕೆ. ನಡುವೆ ಎರಡು ರನ್‌ವೇ ಮಲಗಿವೆ. ನಕ್ಷೆಯಲ್ಲಿ ಎದುರು ಬದುರು ಕಾಣುತ್ತೆ, ರಸ್ತೆಯಲ್ಲಿ ಇಡೀ ಏರ್‌ಪೋರ್ಟ್ ಸುತ್ತಬೇಕು.

ವೀಸಾ ಇದ್ದು ಹೊರಗೆ ಬಂದ್ರೂ ಲೆಕ್ಕ ಹೀಗೆ: ಇಳಿದು, ಬಸ್ಸಿನಲ್ಲಿ ಟರ್ಮಿನಲ್ ಸೇರಲು 20–25 ನಿಮಿಷ. ಇಮಿಗ್ರೇಶನ್ ಕ್ಯೂ ಕಾಲು ಗಂಟೆಯೂ ಆಗಬಹುದು, ಒಂದು ಗಂಟೆಯೂ ಆಗಬಹುದು. ಬ್ಯಾಗ್ ಬರೋದಕ್ಕೆ ಅರ್ಧ ಗಂಟೆ, ಕಸ್ಟಮ್ಸ್ ಎಕ್ಸ್-ರೇ, ಟ್ಯಾಕ್ಸಿ ಕ್ಯೂ, 20 ನಿಮಿಷ ರಸ್ತೆ, ಟ್ರಾಫಿಕ್ ಇದ್ರೆ ಅದರ ಮೇಲೆ. ಟಿ3ರಲ್ಲಿ ಹೊಸದಾಗಿ ಚೆಕ್-ಇನ್, ಮತ್ತೆ ತೂಕ, ಮತ್ತೆ ಇಮಿಗ್ರೇಶನ್, ಮತ್ತೆ ಸೆಕ್ಯುರಿಟಿ. ಎಮಿರೇಟ್ಸ್ ಚೆಕ್-ಇನ್ ಕೌಂಟರ್ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತೆ. ಅಂದ್ರೆ ನಿಮ್ಮ ಕೈಯಲ್ಲಿರೋದು 4 ಗಂಟೆ 20 ಅಲ್ಲ, 3 ಗಂಟೆ 20. ಮಂಗಳೂರಿನ ವಿಮಾನ ಒಂದೂವರೆ ಗಂಟೆ ತಡವಾದ್ರೆ ಆಟ ಮುಗೀತು.

ಬಸವನಗುಡಿ_ಬೆಂಚು
ಟ್ಯಾಕ್ಸಿ ಯಾಕೆ, ಮೆಟ್ರೊ ಇದೆಯಲ್ಲ?

ಅಲ್_ಕುಸೈಸ್_ಕನ್ನಡಿಗ
ರೆಡ್ ಲೈನ್ ಸ್ಟೇಶನ್ ಇರೋದು ಟಿ1 ಮತ್ತು ಟಿ3ಕ್ಕೆ. ಟಿ2ಕ್ಕೆ ಮೆಟ್ರೊ ಇಲ್ಲ. ಇದ್ದರೂ ತಲೆಗೆ ಒಂದು ದೊಡ್ಡ, ಒಂದು ಸಣ್ಣ ಸೂಟ್‌ಕೇಸ್ ಅಷ್ಟೇ ಬಿಡ್ತಾರೆ. ಏರ್‌ಪೋರ್ಟ್ ಟ್ಯಾಕ್ಸಿ ಮೀಟರ್ 25 ದಿರ್ಹಂನಿಂದ ಶುರು.

ಹುಬ್ಬಳ್ಳಿ_ಗಿರ್ಮಿಟ್
ಶೆಂಗೆನ್ ವೀಸಾ, ಅಂದ್ರ ಯುರೋಪಿನ ಹಲವು ದೇಶಕ್ಕ ನಡೆಯೋ ಒಂದೇ ವೀಸಾ, ಇರತೈತಲ್ರಿ ಅವ್ರಿಗೆ. ಅದನ್ನ ತೋರಿಸಿದ್ರ ದುಬೈದಾಗ ವೀಸಾ ಆನ್ ಅರೈವಲ್ ಕೊಡ್ತಾರಂತ?

ದೇರಾ_ಕ್ರೀಕ್
ಅದನ್ನ ನಂಬಿ ಹೊರಡಬೇಡಿ ಸರ್. ಭಾರತದ ಪಾಸ್‌ಪೋರ್ಟಿಗೆ ಆ ಸೌಲಭ್ಯ ಸಿಗೋದು ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ರೆ, ಇಲ್ಲಾ ಬ್ರಿಟನ್, ಯುರೋಪಿಯನ್ ಯೂನಿಯನ್ ರೆಸಿಡೆನ್ಸಿ ಇದ್ರೆ. ಆಮೇಲೆ ಇನ್ನೂ ಕೆಲವು ದೇಶದ ರೆಸಿಡೆನ್ಸಿ ಸೇರಿಸಿದ್ರು. ಶೆಂಗೆನ್ ವಿಸಿಟ್ ವೀಸಾ ಅಂದ್ರೆ ರೆಸಿಡೆನ್ಸಿ ಅಲ್ಲ. ಜರ್ಮನಿಯಲ್ಲಿರೋ ತಂಗಿಗೆ ಸಿಗಬಹುದು, ಅಪ್ಪ ಅಮ್ಮನಿಗೆ ಸಿಗುತ್ತೆ ಅಂತ ಹೇಳೋಕಾಗಲ್ಲ.

48 ಗಂಟೆ ಮತ್ತು 96 ಗಂಟೆಯ ಟ್ರಾನ್ಸಿಟ್ ವೀಸಾ ಅಂತ ಬೇರೆ ಇವೆ. ಅವನ್ನ ಯುಎಇ ವಿಮಾನ ಕಂಪನಿಗಳ ಮೂಲಕ ಮೊದಲೇ ಹಾಕಿ ತಗೋಬೇಕು, ಅಲ್ಲಿ ಹೋಗಿ ಕೇಳಿದ್ರೆ ಸಿಗಲ್ಲ.

ಚಾಮುಂಡಿ_ಮೆಟ್ಟಿಲು
ಹೊರಗೆ ಬರೋ ಯೋಚನೆ ಇದ್ರೆ ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆ ಅಂತ ಮೊದಲು ನೋಡಿ. ನಮ್ಮ ಕಡೆ ಎಷ್ಟೋ ಹಿರಿಯರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಗಿವನ್ ನೇಮ್‌ನಲ್ಲಿ ಬರೀ 'ಸರೋಜಮ್ಮ' ಅಂತ ಇರುತ್ತೆ. 2022ರ ನವೆಂಬರ್ 21ರಿಂದ ಒಂದೇ ಪದದ ಹೆಸರಿರೋರಿಗೆ ಯುಎಇ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ. ಕೊನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ರೆ ಒಪ್ತೀವಿ ಅಂತ ಆಮೇಲೆ ಸ್ಪಷ್ಟನೆ ಬಂತು. ಅದನ್ನ ಕೌಂಟರಿನಲ್ಲಿ ಕೂತವರಿಗೆ ವಿವರಿಸೋ ಕರ್ಮ ಬೇಡ ಅಂದ್ರೆ ಹೊರಗೆ ಬರದೇ ಇರೋದೇ ಲೇಸು.

ಕೊಟ್ಟಾರ_ಚೌಕಿ
ಅಯ್ಯೋ, ಅಮ್ಮನ ಪಾಸ್‌ಪೋರ್ಟಿನಲ್ಲಿ ಹಾಗೇ ಉಂಟು ಮಾರಾಯ್ರೆ. ಹಾಗಾದ್ರೆ ಬೆಂಗಳೂರಿಗೆ ಹೋಗಿ ಒಂದೇ ಟಿಕೆಟ್ ಮಾಡಬೇಕಾ?

ಟ್ಯಾಗ್_ಓದು
ಹೌದು. 'ಒಂದೇ ಟಿಕೆಟ್' ಅಂದ್ರೆ ಏನು ಅಂತಾನೂ ತಿಳಿದಿರಲಿ. ಬುಕಿಂಗ್ ಸೈಟ್‌ಗಳು ಎರಡು ಬೇರೆ ಟಿಕೆಟ್‌ಗಳನ್ನ ಒಂದೇ ಪುಟದಲ್ಲಿ, ಒಂದೇ ಬೆಲೆಯಲ್ಲಿ, ಚಂದ ಪ್ಯಾಕ್ ಮಾಡಿ ಮಾರ್ತವೆ. 'ಸ್ವಂತ ವರ್ಗಾವಣೆ' (ಸೆಲ್ಫ್ ಟ್ರಾನ್ಸ್‌ಫರ್) ಅಂತ ಎಲ್ಲೋ ಸಣ್ಣಕ್ಷರದಲ್ಲಿ ಇರುತ್ತೆ.

ಪರೀಕ್ಷೆ ಸುಲಭ. ಇ-ಟಿಕೆಟ್ ನಂಬರ್ 13 ಅಂಕಿ ಇರುತ್ತೆ, ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಕಂಪನಿಯ ಗುರುತು. ಎಮಿರೇಟ್ಸ್ 176, ಏರ್ ಇಂಡಿಯಾ 098. ಒಬ್ಬ ಪ್ರಯಾಣಿಕರಿಗೆ ಇಡೀ ದಾರಿಗೆ ಒಂದೇ 13 ಅಂಕಿಯ ನಂಬರ್ ಇದ್ರೆ ಅದು ಒಂದೇ ಟಿಕೆಟ್. ಅರ್ಧ ದಾರಿಗೆ ಆ ನಂಬರೇ ಕಾಣದೆ ಬರೀ ಆರಕ್ಷರದ ಪಿಎನ್‌ಆರ್ ಮಾತ್ರ ಇದ್ರೆ ಅನುಮಾನ ಪಡಿ.

ಆಮೇಲೆ ಬ್ಯಾಗ್ ಟ್ಯಾಗ್. ಬೆಲ್ಟಿನ ಮೇಲೆ ಬ್ಯಾಗ್ ಹೋಗೋಕೆ ಮುಂಚೆ ಅದನ್ನ ಓದಿ. ದಪ್ಪಕ್ಷರದಲ್ಲಿ ಮೂರಕ್ಷರದ ಊರ ಕೋಡ್ ಇರುತ್ತೆ. ಅದು ಎಫ್‌ಆರ್‌ಎ (ಫ್ರಾಂಕ್‌ಫರ್ಟ್) ಇರಬೇಕು, ಅದರ ಜತೆ ಸಣ್ಣದಾಗಿ ಡಿಎಕ್ಸ್‌ಬಿ (ದುಬೈ) ಇರಬೇಕು. ದಪ್ಪಕ್ಷರದಲ್ಲೇ ಡಿಎಕ್ಸ್‌ಬಿ ಇದ್ರೆ ಅಲ್ಲೇ ನಿಂತು ಕೇಳಿ. ಬೋರ್ಡಿಂಗ್ ಪಾಸ್ ಹಿಂಬದಿಗೆ ಅಂಟಿಸಿ ಕೊಡೋ ಚೀಟಿಯಲ್ಲಿ 10 ಅಂಕಿ ಇರುತ್ತೆ: ಮೊದಲೊಂದು, ಆಮೇಲೆ ಅದೇ 176, ಆಮೇಲೆ ಆರಂಕಿ ಬ್ಯಾಗಿನ ನಂಬರ್. ನಾಲ್ಕು ಬ್ಯಾಗಿಗೆ ನಾಲ್ಕು ಚೀಟಿ. ಫೋಟೊ ತೆಗೆದಿಡಿ. ಬ್ಯಾಗ್ ಕಳೆದ್ರೆ ದೂರು ಕೊಡೋಕೆ ಕೇಳೋದು ಆ ನಂಬರನ್ನೇ.

ಶಿರಸಿ_ಕಡೆಯವ
ಎಲ್ಲಾ ಸರಿ, ಆದ್ರೆ ಬೇರೆ ಟಿಕೆಟ್ ಅಂದ ಕೂಡಲೇ ಹುಲಿ ಬಂತು ಹುಲಿ ಅನ್ನೋದೂ ಅತಿ. ದುಬೈಯಲ್ಲಿ ಒಂದು ದಿನ ನೆಂಟರ ಮನೆಯಲ್ಲಿ ಉಳಿದು ಮಾರನೇ ದಿನ ಹೋಗೋರಿಗೆ ಬೇರೆ ಟಿಕೆಟ್ಟೇ ಅಗ್ಗ, ಅದೇ ಸರಿ. ಗಲ್ಫಿನಲ್ಲಿರೋ ಕರಾವಳಿಯವರು ಹಾಗೇ ಮಾಡ್ತಾರೆ.

ದೇರಾ_ಕ್ರೀಕ್
ವೀಸಾ ಇದ್ದು, ಒಂದು ರಾತ್ರಿ ನಡುವೆ ಇದ್ರೆ ತಕರಾರಿಲ್ಲ. ಇಲ್ಲಿ ಪ್ರಶ್ನೆ ನಾಲ್ಕು ಗಂಟೆಯದ್ದು.

ಇನ್ನೊಂದು ಏಟು ಜನ ಮರೀತಾರೆ. ಬೇರೆ ಟಿಕೆಟಿನಲ್ಲಿ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದ್ರೆ, ಎರಡನೇ ಕಂಪನಿಯ ಲೆಕ್ಕದಲ್ಲಿ ನೀವು ಬರಲಿಲ್ಲ, ಅಷ್ಟೆ. ಆ ಟಿಕೆಟಿನಲ್ಲಿ ವಾಪಸ್ ಪ್ರಯಾಣ ಇದ್ರೆ ಅದೂ ಸಾಮಾನ್ಯವಾಗಿ ರದ್ದಾಗುತ್ತೆ. ಉಳಿಸಿದ ದುಡ್ಡಿನ ಎರಡರಷ್ಟು ಕೈಬಿಡುತ್ತೆ. ಒಂದೇ ಟಿಕೆಟ್ ಆದ್ರೆ ಮುಂದಿನ ವಿಮಾನಕ್ಕೆ ಹಾಕೋದು ಕಂಪನಿಯ ತಲೆನೋವು.

ಅಲ್_ಕುಸೈಸ್_ಕನ್ನಡಿಗ
ಜನವರಿ ಅಂದ್ರಲ್ಲ, ಮಂಜಿನ ಕಾಲ. ಮರಳುಗಾಡಿನಲ್ಲಿ ಮಂಜೆಲ್ಲಿಂದ ಅಂತ ನಗಬೇಡಿ. ರಾತ್ರಿ ಮರಳು ಬೇಗ ತಣ್ಣಗಾಗುತ್ತೆ, ಕೊಲ್ಲಿಯ ತೇವದ ಗಾಳಿ ಅದರ ಮೇಲೆ ಬಂದು ಕೂರುತ್ತೆ. ಡಿಸೆಂಬರಿನಿಂದ ಫೆಬ್ರುವರಿ ತನಕ ನಸುಕಿನಿಂದ ಬೆಳಿಗ್ಗೆ 8–9ರ ತನಕ ದಟ್ಟ ಮಂಜು ಬೀಳೋ ದಿನಗಳಿರುತ್ತವೆ. ಆಗ ಇಳಿಯೋ ವಿಮಾನಗಳ ನಡುವೆ ಅಂತರ ಹೆಚ್ಚಿಸ್ತಾರೆ, ಕೆಲವು ಬೇರೆ ಊರಿಗೆ ತಿರುಗುತ್ತವೆ. ಎಲ್ಲಾ ಕಡೆಯ ವಿಮಾನ ಬಂದು ಸೇರೋ ಹಬ್ ಆಗಿರೋದ್ರಿಂದ ಬೆಳಗಿನ ತಡ ಮಧ್ಯಾಹ್ನದ ತನಕ ಎಳೆಯುತ್ತೆ.

2024ರ ಏಪ್ರಿಲ್ 16ರ ಮಳೆ ನೆನಪಿದೆಯಲ್ಲ. ಮಾರನೇ ದಿನ ಎಮಿರೇಟ್ಸ್ ದುಬೈಯಿಂದ ಹೊರಡೋರಿಗೆ ಚೆಕ್-ಇನ್ನೇ ನಿಲ್ಲಿಸಿತ್ತು. ಆಗಲೇ ಟ್ರಾನ್ಸಿಟ್‌ನಲ್ಲಿದ್ದವರನ್ನು ಮಾತ್ರ ಮುಂದಿನ ವಿಮಾನಕ್ಕೆ ಕಳಿಸ್ತೀವಿ ಅಂದ್ರು. ಹೊರಗೆ ಬಂದು ಮತ್ತೆ ಚೆಕ್-ಇನ್ ಮಾಡೋರ ಗತಿ ಊಹಿಸಿ.

ಹುಬ್ಬಳ್ಳಿ_ಗಿರ್ಮಿಟ್
ಇಷ್ಟೆಲ್ಲ ಸುತ್ತು ಯಾಕ್ರಿ? ಬೆಂಗಳೂರಿಂದ ಫ್ರಾಂಕ್‌ಫರ್ಟಿಗೆ ಲುಫ್ತಾನ್ಸಾ ಸೀದಾ ಹಾರತೈತಿ. ಮೊಣಕಾಲ ನೋವಿನ ಅವ್ವಾರಿಗೆ ದುಬೈ ದರ್ಶನ ಬ್ಯಾಡ್ರಿ.

ಕೊಟ್ಟಾರ_ಚೌಕಿ
ಅದರ ರೇಟ್ ನೋಡಿ ಅಪ್ಪ ಲ್ಯಾಪ್‌ಟಾಪ್ ಮುಚ್ಚಿದ್ದಾರೆ 🙂

ಬಸವನಗುಡಿ_ಬೆಂಚು
ಸರಿ, ಬೆಂಗಳೂರಿನಿಂದ ಎಮಿರೇಟ್ಸ್ ಅಂತಿಟ್ಕೊಳ್ಳಿ. ಇಲ್ಲಿನ ಭಾಗ ನನಗೆ ಗೊತ್ತು. 2023ರ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ವಿಮಾನ ಎಲ್ಲಾ ಟಿ2. ಮಂಗಳೂರಿನಿಂದ ಇಂಡಿಗೊದಲ್ಲಿ ಬಂದ್ರೆ ಇಳಿಯೋದು ಟಿ1. ಬ್ಯಾಗ್ ತಗೊಂಡು ಟಿ2ಕ್ಕೆ ಹೋಗಬೇಕು, ನಡುವೆ ಶಟಲ್ ಬಸ್ ಇದೆ. ಇದೂ 'ಬೇರೆ ಟಿಕೆಟ್' ಸಮಸ್ಯೆನೇ, ಆದ್ರೆ ನಮ್ಮೂರು, ವೀಸಾ ಬೇಡ, ಭಾಷೆ ಬರುತ್ತೆ. ಮಂಗಳೂರಿನ ವಿಮಾನಕ್ಕೂ ಎಮಿರೇಟ್ಸ್‌ಗೂ ನಡುವೆ 6 ಗಂಟೆ ಇಟ್ಕೊಳ್ಳಿ. ರಾತ್ರಿ ಬಸ್ಸೂ ಆಗುತ್ತೆ, ಜನವರಿಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜಾರೋ ಭಯ ಇಲ್ಲ.

ದೇರಾ_ಕ್ರೀಕ್
ಈಗ ಟಿ3 ಒಳಗಿನ ದಾರಿ ಹೇಳ್ತೀನಿ, ಇದನ್ನ ಪ್ರಿಂಟ್ ತೆಗೆದು ಕೊಡಿ.

ಬೆಂಗಳೂರಿನಲ್ಲೇ ಎರಡು ಬೋರ್ಡಿಂಗ್ ಪಾಸ್ ಕೊಡ್ತಾರೆ. ಎರಡನೆಯದರಲ್ಲಿ ಗೇಟ್ ಜಾಗ ಖಾಲಿ ಇರಬಹುದು. ಇದ್ರೂ ನಂಬಬೇಡಿ, ಬದಲಾಗುತ್ತೆ. ದುಬೈಯಲ್ಲಿ ಇಳಿದ ಮೇಲೆ 'ಕನೆಕ್ಷನ್ಸ್' ಬೋರ್ಡ್ ಹಿಡಿದು ಹೋಗಬೇಕು. 'ಅರೈವಲ್ಸ್', 'ಬ್ಯಾಗೇಜ್' ಕಡೆ ತಿರುಗಬಾರದು. ಜತೆಗೆ ಇಳಿದವರಲ್ಲಿ ಅರ್ಧ ಜನ ಆ ಕಡೆ ಹೋಗ್ತಾರೆ, ಗುಂಪಿನ ಹಿಂದೆ ಹೋಗೋದೇ ಮೊದಲ ತಪ್ಪು.

ಆಮೇಲೆ ಮತ್ತೊಮ್ಮೆ ಸೆಕ್ಯುರಿಟಿ. ವಿಮಾನದಲ್ಲಿ ಕೊಟ್ಟ ನೀರಿನ ಬಾಟಲಿ ಅಲ್ಲೇ ಹೋಗುತ್ತೆ. ಬೆಂಗಳೂರಿನ ಡ್ಯೂಟಿ ಫ್ರೀಯಲ್ಲಿ ಏನಾದ್ರೂ ದ್ರವ ತಗೊಂಡಿದ್ರೆ ಸೀಲ್ ಮಾಡಿದ ಚೀಲ ಒಡೀಬಾರದು, ಬಿಲ್ ಅದರೊಳಗೇ ಕಾಣಬೇಕು.

ಸೆಕ್ಯುರಿಟಿ ದಾಟಿದ ಮೇಲೆ ಪರದೆ ನೋಡಿ. ಅರೇಬಿಕ್, ಇಂಗ್ಲಿಷ್ ಎರಡೂ ಸರದಿಯಲ್ಲಿ ಬರುತ್ತೆ, ಗಾಬರಿಯಾಗದೆ ಎರಡು ಕ್ಷಣ ನಿಂತ್ರೆ ಇಂಗ್ಲಿಷ್ ಬರುತ್ತೆ. ಊರ ಹೆಸರಲ್ಲ, ಫ್ಲೈಟ್ ನಂಬರ್ ಹೊಂದಿಸಿ ನೋಡಬೇಕು. ಒಂದೇ ಊರಿಗೆ ದಿನಕ್ಕೆ ಎರಡು ಮೂರು ವಿಮಾನ ಇರುತ್ತವೆ.

ಗೇಟಿನ ಮೊದಲ ಅಕ್ಷರವೇ ದಾರಿ. ಎ, ಬಿ, ಸಿ ಮೂರೂ ಟಿ3. ಬಿ ಮತ್ತು ಸಿ ಒಂದಕ್ಕೊಂದು ಸೇರಿವೆ, ನಡೆದೇ ಹೋಗಬಹುದು. ಆದ್ರೆ ಈ ತುದಿಯಿಂದ ಆ ತುದಿಗೆ 20–25 ನಿಮಿಷ. ಎ ಬೇರೆ ಕಟ್ಟಡ, ಒಳಗಿನ ರೈಲಿನಲ್ಲಿ ಹೋಗಬೇಕು. ಬಿಯಲ್ಲಿ ಇಳಿದು ಎಯಲ್ಲಿ ಹತ್ತೋದು ತೀರಾ ಮಾಮೂಲು.

ಬೋರ್ಡಿಂಗಿಗೆ ಕೂಗಿ ಕರೆಯಲ್ಲ. ಇದು ಸೈಲೆಂಟ್ ಏರ್‌ಪೋರ್ಟ್. ನಮ್ಮ ಬಸ್‌ಸ್ಟ್ಯಾಂಡಿನ ಹಾಗೆ ಮೈಕ್ ಕೇಳಿಸುತ್ತೆ ಅಂತ ಕಾದು ಕೂತ್ರೆ ವಿಮಾನ ಹೋಗಿರುತ್ತೆ. ಹೊರಡುವ 20 ನಿಮಿಷ ಮೊದಲು ಗೇಟ್ ಮುಚ್ಚುತ್ತೆ.

ಟ್ಯಾಗ್_ಓದು
ಟಿಕೆಟ್ ತೆಗೆಯುವಾಗ ಇನ್ನೊಂದು ನೋಡಿ. 'ದುಬೈ' ಅಂತ ಹುಡುಕಿದ್ರೆ ಡಿಎಕ್ಸ್‌ಬಿ ಜತೆ ಡಿಡಬ್ಲ್ಯೂಸಿಯನ್ನೂ ತೋರಿಸ್ತವೆ. ಅದು ಜೆಬೆಲ್ ಅಲಿ ಕಡೆಯ ಅಲ್ ಮಕ್ತೂಮ್ ಏರ್‌ಪೋರ್ಟ್, ನಗರದ ಇನ್ನೊಂದು ಕೊನೆ. ಶಾರ್ಜಾ ಬೇರೆಯೇ ಎಮಿರೇಟು, ಬೇರೆಯೇ ಏರ್‌ಪೋರ್ಟು. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತೋ ಟಿಕೆಟ್‌ಗಳನ್ನೂ ಸೈಟ್‌ಗಳು ನಾಚಿಕೆ ಇಲ್ಲದೆ ಮಾರ್ತವೆ.

ರೈನ್_ದಂಡೆ
ವೀಲ್‌ಚೇರ್ ಹಾಕಿಸಿ. ಹೊರಡುವ 48 ಗಂಟೆ ಮೊದಲೇ ಹೇಳಬೇಕು. ಬರೀ 'ವೀಲ್‌ಚೇರ್' ಅನ್ನಬೇಡಿ, ಮೂರು ಬಗೆ ಇವೆ. ಡಬ್ಲ್ಯೂಸಿಎಚ್‌ಆರ್ ಅಂದ್ರೆ ಮೆಟ್ಟಿಲು ಹತ್ತಬಲ್ಲರು, ದೂರ ನಡೆಯೋದು ಕಷ್ಟ. ಡಬ್ಲ್ಯೂಸಿಎಚ್‌ಎಸ್ ಅಂದ್ರೆ ಮೆಟ್ಟಿಲೂ ಆಗಲ್ಲ. ಡಬ್ಲ್ಯೂಸಿಎಚ್‌ಸಿ ಅಂದ್ರೆ ನಡೆಯಲೇ ಆಗಲ್ಲ, ಸೀಟಿನ ತನಕ ಒಯ್ಯಬೇಕು. ಮೊಣಕಾಲು ನೋವಿಗೆ ಜನ ಮೊದಲನೆಯದನ್ನ ಹಾಕಿಸ್ತಾರೆ. ವಿಮಾನ ದೂರದ ಜಾಗದಲ್ಲಿ ನಿಂತು ಏಣಿ ಹಚ್ಚಿದ್ರೆ ಅಷ್ಟೂ ಮೆಟ್ಟಿಲು ಇಳೀಬೇಕಾಗುತ್ತೆ. ಎರಡನೆಯದಾದ್ರೆ ಎತ್ತುವ ಗಾಡಿ ಬರುತ್ತೆ.

ಅಪ್ಪ ಅಮ್ಮ ಒಂದೇ ಪಿಎನ್‌ಆರ್‌ನಲ್ಲಿರಲಿ, ಇಲ್ಲಾಂದ್ರೆ ಒಬ್ಬರನ್ನ ತಳ್ಳಿಕೊಂಡು ಹೋಗ್ತಾರೆ, ಇನ್ನೊಬ್ಬರು ಹಿಂದೆ ಉಳೀತಾರೆ. ದುಬೈಯಲ್ಲಿ ವೀಲ್‌ಚೇರಿನವರನ್ನ ಒಂದು ಕಡೆ ಕೂರಿಸಿ ಬೋರ್ಡಿಂಗ್ ಹೊತ್ತಿಗೆ ಕರ್ಕೊಂಡು ಹೋಗ್ತಾರೆ. ಕೂರಿಸಿದ ಮೇಲೆ ಮರೆತಂಗೆ ಅನ್ನಿಸಿದ್ರೆ ಬೋರ್ಡಿಂಗ್ ಪಾಸ್ ಹಿಡಿದು ಒಂದು ಗಂಟೆ ಮೊದಲೇ ಕೌಂಟರಿನಲ್ಲಿ ಕೇಳಬೇಕು.

ಕೊಟ್ಟಾರ_ಚೌಕಿ
ಇದು ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಅಮ್ಮ ಈಗಲೇ ಅಂಟಿನ ಉಂಡೆ, ಗಸಗಸೆ, ಕೊಬ್ಬರಿ ಅಂತ ಪಟ್ಟಿ ಮಾಡ್ತಿದ್ದಾರೆ. ಬಾಣಂತಿಗೆ ಬೇಕಲ್ವಾ.

ಅಲ್_ಕುಸೈಸ್_ಕನ್ನಡಿಗ
ಗಸಗಸೆ ಬೇಡ! ಬೇಡವೇ ಬೇಡ. ಯುಎಇಯಲ್ಲಿ ಗಸಗಸೆ ನಿಷೇಧಿತ ಮಾದಕ ವಸ್ತುವಿನ ಲೆಕ್ಕ. ಕತಾರ್, ಸೌದಿಯಲ್ಲೂ ಅಷ್ಟೆ.

ಶಿರಸಿ_ಕಡೆಯವ
ಬ್ಯಾಗ್ ಫ್ರಾಂಕ್‌ಫರ್ಟಿಗೆ ಟ್ಯಾಗ್ ಆಗಿದ್ರೆ ದುಬೈ ಕಸ್ಟಮ್ಸ್ ಯಾಕೆ ತೆರೀತಾರೆ? ಇದೂ ಅತಿ ಆಯ್ತು.

ಅಲ್_ಕುಸೈಸ್_ಕನ್ನಡಿಗ
ಟ್ರಾನ್ಸಿಟ್ ಬ್ಯಾಗನ್ನೂ ಸ್ಕ್ಯಾನ್ ಮಾಡಬಹುದು. ವಿಮಾನ ರದ್ದಾಗಿ ಹೋಟೆಲಿಗೆ ಕಳಿಸಿದ್ರೆ ಬ್ಯಾಗ್ ಹೊರಗೆ ಬರುತ್ತೆ. ನೆಲ ಅವರದ್ದು, ಕಾನೂನು ಅವರದ್ದು. ಜರ್ಮನಿಯ ಅಂಗಡಿಯಲ್ಲಿ ಗಸಗಸೆ ರಾಶಿ ಸಿಗುತ್ತೆ, ಕೇಕಿಗೆ ಹಾಕ್ತಾರೆ. ಅಲ್ಲೇ ಕೊಂಡು ಅಲ್ಲೇ ಉಂಡೆ ಕಟ್ಟಲಿ. ಮನೆಯ ಸಾಂಬಾರ್ ಪುಡಿ, ಗರಂ ಮಸಾಲೆಯಲ್ಲಿ ಗಸಗಸೆ ಹುರಿದು ಹಾಕಿದ್ರೆ ಅದನ್ನೂ ಬಿಡಿ. ವೀಳ್ಯದೆಲೆ, ಪಾನ್ ಸಾಮಾನು ಕೂಡ ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿವೆ. ಬಾಣಂತಿಗೆ ಎಲೆ ಅಡಿಕೆ ಅಂತ ಅಮ್ಮ ಸೇರಿಸಿರ್ತಾರೆ, ನೋಡಿ.

ಬಸವನಗುಡಿ_ಬೆಂಚು
ಒಣ ಕೊಬ್ಬರಿ ಗಿಟುಕು ಇಲ್ಲೇ ನಿಲ್ಲಿಸ್ತಾರೆ. ಅಪಾಯಕರ ಸರಕಿನ ಪಟ್ಟಿಯಲ್ಲಿದೆ, ಎಣ್ಣೆ ಅಂಶದಿಂದ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ ಅಂತ. ಎಕ್ಸ್-ರೇಯಲ್ಲಿ ಗುಂಡಗೆ ಎದ್ದು ಕಾಣುತ್ತೆ, ಬ್ಯಾಗ್ ತೆರೆಸ್ತಾರೆ.

ರೈನ್_ದಂಡೆ
ತುಪ್ಪದ ಡಬ್ಬಿಯೂ ಬೇಡ. ಯುರೋಪಿಯನ್ ಯೂನಿಯನ್ ಹೊರಗಿನಿಂದ ಬರೋರಿಗೆ ಮಾಂಸ, ಹಾಲಿನ ಪದಾರ್ಥ ತರೋ ಹಾಗಿಲ್ಲ. ಪೇಡ, ಖೋವಾ ಸಿಹಿಯೂ ಹೋಗುತ್ತೆ.

ಹುಬ್ಬಳ್ಳಿ_ಗಿರ್ಮಿಟ್
ಧಾರವಾಡ ಪೇಡಾಕ್ಕೂ ವೀಸಾ ಸಿಗಂಗಿಲ್ಲೇನ್ರಿ! ಎಂಥಾ ಅನ್ಯಾಯ.

ಔಷಧ_ಪೆಟ್ಟಿಗೆ
ಊಟದ ಪಟ್ಟಿ ಆಯ್ತು, ಮಾತ್ರೆ ಡಬ್ಬಿ ನೋಡಿ. ಬಿಪಿ, ಸಕ್ಕರೆ, ಥೈರಾಯ್ಡ್ ಮಾತ್ರೆಗೆ ತೊಂದರೆ ಇಲ್ಲ, ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಇರಲಿ, ಮಾತ್ರೆ ಅದರ ಸ್ಟ್ರಿಪ್‌ನಲ್ಲೇ ಇರಲಿ. ತೊಂದರೆ ಇರೋದು ಟ್ರಮಡಾಲ್, ಕೊಡೀನ್ ಇರೋ ಕೆಮ್ಮಿನ ಸಿರಪ್, ಅಲ್ಪ್ರಜೋಲಾಮ್, ಪ್ರೆಗಬಾಲಿನ್. ಇವು ಯುಎಇಯಲ್ಲಿ ನಿಯಂತ್ರಿತ ಔಷಧ, ಆನ್‌ಲೈನ್‌ನಲ್ಲಿ ಪೂರ್ವಾನುಮತಿ ಬೇಕು. ಸಕ್ಕರೆ ಕಾಯಿಲೆಯವರಿಗೆ ಕಾಲುರಿಗೆ ಅಂತ ಕೊಡೋ ಮಾತ್ರೆಯಲ್ಲಿ ಪ್ರೆಗಬಾಲಿನ್ ತುಂಬಾ ಸಾಮಾನ್ಯ, ವಿಟಮಿನ್ ಜತೆ ಬೆರೆತಿರೋದ್ರಿಂದ ಜನ ಅದನ್ನ ವಿಟಮಿನ್ ಅಂದ್ಕೊಂಡಿರ್ತಾರೆ. ಮೊಣಕಾಲು ನೋವಿನ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಜತೆ ಟ್ರಮಡಾಲ್ ಇರಬಹುದು. ಸ್ಟ್ರಿಪ್ ಹಿಂಬದಿ ಓದಿ. ಬದಲಿ ಮಾತ್ರೆ ಡಾಕ್ಟರನ್ನ ಕೇಳಿ, ನೀವೇ ನಿಲ್ಲಿಸಬೇಡಿ.

ಚಾಮುಂಡಿ_ಮೆಟ್ಟಿಲು
ವಿಮಾನದ ಊಟಕ್ಕೆ ಹಿಂದೂ ಮೀಲ್ ಹಾಕಿ, ಸಸ್ಯಾಹಾರಿಗಳಾದ್ರೆ.

ರೈನ್_ದಂಡೆ
ತಪ್ಪು! ಹಿಂದೂ ಮೀಲ್, ಅಂದ್ರೆ ಎಚ್‌ಎನ್‌ಎಂಎಲ್, ಮಾಂಸಾಹಾರ. ದನ, ಹಂದಿ ಇರಲ್ಲ ಅಷ್ಟೆ, ಕೋಳಿ, ಕುರಿ, ಮೀನು ಇರುತ್ತೆ. ನಮ್ಮ ಸಸ್ಯಾಹಾರ ಬೇಕಂದ್ರೆ ಎವಿಎಂಎಲ್. ಈರುಳ್ಳಿ ಬೆಳ್ಳುಳ್ಳಿ ಬೇಡ ಅಂದ್ರೆ ಜೈನ ಊಟ, ವಿಜೆಎಂಎಲ್. 24 ಗಂಟೆ ಮೊದಲು ಹಾಕಿ, ಎರಡೂ ವಿಮಾನಕ್ಕೆ ಹಾಕಿದೆಯಾ ನೋಡಿ. ಒಂದಕ್ಕೆ ಮಾತ್ರ ಹತ್ತಿರುತ್ತೆ ಎಷ್ಟೋ ಸಲ.

ಚಾಮುಂಡಿ_ಮೆಟ್ಟಿಲು
ಹೆಸರು ಇಟ್ಟವರು ಯಾರಪ್ಪಾ!

ಶಿರಸಿ_ಕಡೆಯವ
ದುಬೈ ಬಿಟ್ಟು ದೋಹಾ ಯಾಕಲ್ಲ? ಕತಾರ್ ಏರ್‌ವೇಸೂ ಬೆಂಗಳೂರಿನಿಂದ ಇದೆ. ಹಮದ್ ಏರ್‌ಪೋರ್ಟಿನಲ್ಲಿ ಒಂದೇ ಟರ್ಮಿನಲ್, ಟಿ2 ಟಿ3 ಅನ್ನೋ ಜಂಜಾಟವೇ ಇಲ್ಲ.

ದೇರಾ_ಕ್ರೀಕ್
ಅದೂ ಒಳ್ಳೇದೇ. ಆದ್ರೆ ಬೆಂಗಳೂರಿನಿಂದ ಎಮಿರೇಟ್ಸ್‌ನಲ್ಲಿ ಹೋದ್ರೆ ಇಳಿಯೋದೂ ಟಿ3, ಹತ್ತೋದೂ ಟಿ3. ಜಂಜಾಟ ಇದ್ದಿದ್ದು ಎರಡು ಕಂಪನಿ ಬೆರೆಸಿದ್ದಕ್ಕೆ. ವಾಯುಪ್ರದೇಶ ಮುಚ್ಚೋ ಆತಂಕ ಎರಡೂ ಕಡೆ ಇದ್ದದ್ದೇ, 2025ರ ಜೂನ್ 23ರಂದು ಕತಾರ್ ಮುಚ್ಚಿದಾಗ ವಿಮಾನಗಳು ಎಲ್ಲೆಲ್ಲೋ ಇಳಿದವು. ಅಂಥ ದಿನ ಒಂದೇ ಟಿಕೆಟ್ ಇದ್ದವರಿಗೆ ಮಾತ್ರ ಕೇಳೋಕೆ ಒಂದು ಕೌಂಟರ್ ಅಂತ ಇರುತ್ತೆ.

ಟ್ಯಾಗ್_ಓದು
ಅಮೆರಿಕಕ್ಕೆ ಹೋಗೋರು ಇದ್ರೆ ಅಬುಧಾಬಿ ನೋಡಬಹುದು. ಅಲ್ಲೇ ಅಮೆರಿಕದ ಇಮಿಗ್ರೇಶನ್ ಮುಗಿಸ್ತಾರೆ, ಅಮೆರಿಕದಲ್ಲಿ ಇಳಿದಾಗ ದೇಶದೊಳಗಿನ ವಿಮಾನದ ಹಾಗೆ ಹೊರಗೆ ನಡೀಬಹುದು. ಬದಲಿಗೆ ಕನೆಕ್ಷನ್‌ಗೆ ಹೆಚ್ಚು ಹೊತ್ತು ಇಟ್ಕೋಬೇಕು. ಇಲ್ಲಿ ಸಂಬಂಧ ಇಲ್ಲ, ಹುಡುಕಿಕೊಂಡು ಬರೋರಿಗೆ ಇರಲಿ.

ಕೊಟ್ಟಾರ_ಚೌಕಿ
ಬೆಂಗಳೂರು–ದುಬೈ–ಫ್ರಾಂಕ್‌ಫರ್ಟ್ ಒಂದೇ ಟಿಕೆಟ್‌ನಲ್ಲಿ ನೋಡ್ತಾ ಇದ್ದೇನೆ. ಒಂದರಲ್ಲಿ ದುಬೈಯಲ್ಲಿ 1 ಗಂಟೆ 35 ನಿಮಿಷ, ಇನ್ನೊಂದರಲ್ಲಿ 3 ಗಂಟೆ 50. ಮೊದಲನೆಯದಕ್ಕೆ ರೇಟ್ ಕಮ್ಮಿ.

ದೇರಾ_ಕ್ರೀಕ್
3 ಗಂಟೆ 50ರದ್ದೇ ತಗೊಳ್ಳಿ. 1 ಗಂಟೆ 35 ಕಾಗದದ ಮೇಲೆ ಸರಿ, ಮಾರೋಕೂ ಬಿಡ್ತಾರೆ. ಅದರಲ್ಲಿ ಬಾಗಿಲು ತೆರೆಯೋಕೆ 10, ಬಸ್ಸಾದ್ರೆ 15, ಸೆಕ್ಯುರಿಟಿ 15, ರೈಲು ಮತ್ತು ನಡಿಗೆ 20, ಗೇಟ್ ಮುಚ್ಚೋದು 20 ನಿಮಿಷ ಮೊದಲು. ಉಳಿಯೋದು ಕಾಲು ಗಂಟೆ. ವೀಲ್‌ಚೇರಿನವರು ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿಯೋದು, ಆ ಕಾಲು ಗಂಟೆಯೂ ಅಲ್ಲಿಗೆ ಹೋಯ್ತು. ವಿಮಾನ ತಪ್ಪಿದ್ರೆ ಮುಂದಿನದಕ್ಕೆ ಹಾಕ್ತಾರೆ ನಿಜ, ಆದ್ರೆ ಆ ಮುಂದಿನದು ಮರುದಿನವೂ ಆಗಬಹುದು.

ಬಸವನಗುಡಿ_ಬೆಂಚು
ಗಡಿಯಾರದ ವಿಷಯ ಯಾರೂ ಹೇಳಲಿಲ್ಲ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಪ್ಪ ವಾಚ್ ಬದಲಾಯಿಸದೇ ಹೋದ್ರೆ ವಿಮಾನ ತಪ್ಪುತ್ತೆ.

ರೈನ್_ದಂಡೆ
ಹೋಗುವಾಗ ತಪ್ಪಲ್ಲ, ಯೋಚಿಸಿ. ನಮ್ಮ ವಾಚ್ ಮುಂದೆ ಇರೋದ್ರಿಂದ ಒಂದೂವರೆ ಗಂಟೆ ಬೇಗ ಗೇಟಿಗೆ ಹೋಗಿ ಕೂರ್ತಾರೆ, ಅಷ್ಟೆ. ಅಪಾಯ ಇರೋದು ವಾಪಸ್ ಬರುವಾಗ. ಜರ್ಮನಿ ದುಬೈಗಿಂತ ಚಳಿಗಾಲದಲ್ಲಿ 3 ಗಂಟೆ, ಮಾರ್ಚ್ ಕೊನೆಯ ಭಾನುವಾರದ ನಂತರ 2 ಗಂಟೆ ಹಿಂದೆ. ಜರ್ಮನಿಯ ಸಮಯದಲ್ಲೇ ವಾಚ್ ಇದ್ರೆ 'ಇನ್ನೂ ಎರಡು ಗಂಟೆ ಇದೆ' ಅಂತ ಕಾಫಿ ಕುಡೀತಾ ಕೂತಿರ್ತಾರೆ, ಗೇಟ್ ಮುಚ್ಚಿರುತ್ತೆ. ರೋಮಿಂಗ್ ಇಲ್ಲದ ಫೋನ್ ಏರ್‌ಪ್ಲೇನ್ ಮೋಡ್‌ನಲ್ಲೇ ಇದ್ರೆ ಹಳೇ ಸಮಯವನ್ನೇ ತೋರಿಸುತ್ತಿರಬಹುದು. ಏರ್‌ಪೋರ್ಟಿನ ಪರದೆಯ ಮೂಲೆಯಲ್ಲಿರೋ ಸಮಯ ನೋಡೋಕೆ ಹೇಳಿ.

ಕೊಟ್ಟಾರ_ಚೌಕಿ
ಸರಿ, ದೊಡ್ಡದನ್ನೇ ತೆಗೀತೇನೆ. ಅಲ್ಲಿ ವೈಫೈ ಫ್ರೀ ಅಲ್ವಾ, ಇಳಿದ ಕೂಡ್ಲೇ ವಾಟ್ಸಾಪ್ ಕಾಲ್ ಮಾಡ್ಲಿಕ್ಕೆ ಹೇಳಿದ್ರೆ ಆಯ್ತಲ್ಲ, ನಾನು ಇಲ್ಲಿಂದ ದಾರಿ ಹೇಳ್ತೇನೆ.

ಅಲ್_ಕುಸೈಸ್_ಕನ್ನಡಿಗ
ವೈಫೈ ಫ್ರೀ. ಆದ್ರೆ ಯುಎಇಯಲ್ಲಿ ವಾಟ್ಸಾಪ್ ಕಾಲ್ ನಡೆಯಲ್ಲ, ಆಡಿಯೊನೂ ಇಲ್ಲ ವಿಡಿಯೊನೂ ಇಲ್ಲ. ಮೆಸೇಜ್, ಫೋಟೊ, ವಾಯ್ಸ್ ನೋಟ್ ಹೋಗುತ್ತೆ. ಪರದೆಯ ಫೋಟೊ ತೆಗೆದು ಕಳಿಸಲಿ, ನೀವು ವಾಯ್ಸ್ ನೋಟ್‌ನಲ್ಲಿ ಗೇಟ್ ಹೇಳಿ. ಮಾತಾಡಲೇಬೇಕು ಅಂದ್ರೆ ಒಂದು ನಂಬರಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಪ್ಯಾಕ್ ಹಾಕಿಸಿ. ಹೊರಡುವ ಮೊದಲು ಮನೆಯಲ್ಲಿ ಫೋಟೊ ಕಳಿಸೋದು, ವಾಯ್ಸ್ ನೋಟ್ ಕೇಳೋದು ಎರಡನ್ನೂ ಅಭ್ಯಾಸ ಮಾಡಿಸಿ. ಮಂಗಳೂರಿನವರಿಗೆ ಅಲ್ಲಿ ಭಾಷೆಯ ಭಯ ಬೇಡ, ಹಿಂದಿ, ಮಲಯಾಳಂ ಧಾರಾಳ ನಡೆಯುತ್ತೆ, ತುಳುವಿನವರೂ ಸಿಕ್ಕಾರು.

ಶಿರಸಿ_ಕಡೆಯವ
ಫೋನ್ ಚಾರ್ಜಿಗೆ ಪವರ್ ಬ್ಯಾಂಕ್ ಕೊಟ್ಟು ಕಳಿಸಿ ಮತ್ತೆ.

ಟ್ಯಾಗ್_ಓದು
ಒಂದೇ ಒಂದು, ತಲೆಗೆ. 2025ರ ಅಕ್ಟೋಬರ್ 1ರಿಂದ ಎಮಿರೇಟ್ಸ್ ನಿಯಮ: 100 ವ್ಯಾಟ್-ಅವರ್ ಒಳಗಿನ ಒಂದು ಪವರ್ ಬ್ಯಾಂಕ್, ಅದರ ಮೇಲೆ ಸಾಮರ್ಥ್ಯ ಮುದ್ರಿಸಿರಬೇಕು, ವಿಮಾನದಲ್ಲಿ ಅದರಿಂದ ಫೋನ್ ಚಾರ್ಜ್ ಮಾಡೋ ಹಾಗಿಲ್ಲ, ಅದನ್ನೂ ಚಾರ್ಜ್ ಮಾಡೋ ಹಾಗಿಲ್ಲ. ಮೇಲಿನ ಲಗೇಜ್ ಗೂಡಿನಲ್ಲಿ ಇಡಬಾರದು, ಸೀಟಿನ ಜೇಬು ಇಲ್ಲಾ ಸೀಟಿನ ಕೆಳಗೆ. ಚೆಕ್-ಇನ್ ಬ್ಯಾಗಿನಲ್ಲಂತೂ ಎಲ್ಲೂ ಇಲ್ಲ. 20,000 ಎಂಎಎಚ್ ಅಂದ್ರೆ 74 ವ್ಯಾಟ್-ಅವರ್, ಸರಿಹೋಗುತ್ತೆ. ಅಕ್ಷರ ಅಳಿಸಿಹೋದ ಹಳೇದು ಬೇಡ.

ಹುಬ್ಬಳ್ಳಿ_ಗಿರ್ಮಿಟ್
ಏರ್‌ಪೋರ್ಟಿನ ಗ್ವಾಡಿಗೆ ನಮ್ಮ ದುಂಡ ಪಿನ್ನು ಹಿಡಿಯಂಗಿಲ್ರಿ, ಅಲ್ಲಿ ಮೂರು ಚೌಕ ಪಿನ್ನಿನ ಸಾಕೆಟ್ ಅದಾವ. ಜರ್ಮನಿಗೆ ಮತ್ತ ದುಂಡ ಎರಡು ಪಿನ್ನು. ಅಡಾಪ್ಟರ್ ಒಂದು ಕೈಚೀಲದಾಗ ಹಾಕ್ರಿ, ದೊಡ್ಡ ಬ್ಯಾಗಿನಾಗ ಹಾಕಿದ್ರ ಅದು ಫ್ರಾಂಕ್‌ಫರ್ಟಿನಾಗ ಸಿಗತೈತಿ.

ಕೊಟ್ಟಾರ_ಚೌಕಿ
ಅಮ್ಮ ಕೇಳ್ತಿದ್ದಾರೆ, ಗಸಗಸೆ ಬಿಟ್ಟು ಅಂಟು ಮಾತ್ರ ತಗೊಂಡು ಹೋಗಬಹುದಾ ಅಂತ.

ಅಲ್_ಕುಸೈಸ್_ಕನ್ನಡಿಗ
ಅಂಟು, ಉತ್ತುತ್ತೆ, ಬೆಲ್ಲ ತಗೊಂಡು ಹೋಗ್ಲಿ. ಅಂಗಡಿಯ ಸೀಲ್ ಪ್ಯಾಕ್, ಮೇಲೆ ಇಂಗ್ಲಿಷ್ ಹೆಸರು ಇರಲಿ. ಬಿಳಿ ಹರಳಿನ ಅಂಟನ್ನ ಹೆಸರಿಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಒಯ್ದ್ರೆ ಪ್ರತಿ ಸ್ಕ್ಯಾನರಿನಲ್ಲೂ ವಿವರಣೆ ಕೊಡಬೇಕಾಗುತ್ತೆ.